ವಿಮಾನದ ಸಾಕೆಟ್‌ಗೆ ಇರುವ ಬುದ್ಧಿ ನಮ್ಮ ಗೋಡೆಗೂ ಬರಲಿ

ನಮ್ಮ ಕಾಲೇಜಿನ ಯಾವ ತರಗತಿಗೆ ಹೋಗಿ ಕೇಳಿದರೂ ದುಬೈ, ದಮ್ಮಾಮ್, ದೋಹಾ, ಮಸ್ಕತ್‌ನಲ್ಲಿ ಅಪ್ಪನೋ ಅಣ್ಣನೋ ಚಿಕ್ಕಪ್ಪನೋ ಇರುವವರು ಕೈ ಎತ್ತುತ್ತಾರೆ. ಹಾಗಾಗಿ ವಿಮಾನ ಎಂದರೆ ನಮಗೆ ಬೆರಗಿನ ವಸ್ತುವೇನೂ ಅಲ್ಲ. ಊರಿಗೆ ಬಂದವರು ವಿಮಾನದ ಊಟದ ಬಗ್ಗೆ ಹೇಳುತ್ತಾರೆ, ಲಗೇಜಿನ ತೂಕದ ಬಗ್ಗೆ ಹೇಳುತ್ತಾರೆ. ಸೀಟಿನ ಕೆಳಗೋ ಎರಡು ಸೀಟುಗಳ ನಡುವೆಯೋ ಇರುವ ಪ್ಲಗ್ ಪಾಯಿಂಟ್ ಬಗ್ಗೆ ಮಾತು ಬಂದರೆ ಮಾತ್ರ ಬರೀ ದೂರು. "ಲ್ಯಾಪ್‌ಟಾಪ್ ಹಾಕಿದರೆ ಒಮ್ಮೊಮ್ಮೆ ಚಾರ್ಜೇ ಆಗುವುದಿಲ್ಲ", "ಇಳಿಯುವ ಹೊತ್ತಿಗೆ ಕರೆಂಟ್ ತೆಗೆದುಬಿಡುತ್ತಾರೆ". ನನಗನ್ನಿಸುವುದೇನೆಂದರೆ, ನಾವು ದೂರುವ ಈ ಗುಣಗಳೇ ಆ ಸಾಕೆಟ್‌ನ ದೊಡ್ಡತನ. ಅದು ಕೊಡಬೇಕಾದಷ್ಟೇ ಕೊಡುತ್ತದೆ, ಅನುಮಾನ ಬಂದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತದೆ. ನಮ್ಮ ಹಾಸ್ಟೆಲ್ ಗೋಡೆಯ ಸಾಕೆಟ್‌ಗೆ ಅಂಥ ಬುದ್ಧಿ ಇಲ್ಲ. ಅದನ್ನು ಕಲಿಸಬಹುದು, ಕಲಿಸಬೇಕು ಎಂಬುದೇ ನನ್ನ ವಾದ.

ಮೊದಲು ವಿಮಾನದ ವಿಷಯ. ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಎಂಜಿನ್‌ಗಳು ತಿರುಗಿಸುವ ಜನರೇಟರ್‌ಗಳಿಂದ ವಿದ್ಯುತ್ ಹುಟ್ಟುತ್ತದೆ. ಅದು ಸಾಮಾನ್ಯವಾಗಿ 115 ವೋಲ್ಟ್, 400 ಹರ್ಟ್ಸ್. ನಮ್ಮ ಮನೆಯದು 230 ವೋಲ್ಟ್, 50 ಹರ್ಟ್ಸ್. ಆವರ್ತನ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರ್, ಮೋಟಾರ್‌ಗಳನ್ನು ಚಿಕ್ಕದಾಗಿ, ಹಗುರವಾಗಿ ಮಾಡಬಹುದು. ಹಾರುವ ಯಂತ್ರಕ್ಕೆ ತೂಕವೇ ಲೆಕ್ಕ, ಅದಕ್ಕೇ ಈ 400. ಆದರೆ ನಮ್ಮ ಚಾರ್ಜರ್‌ಗಳು 400 ಹರ್ಟ್ಸ್‌ಗಾಗಿ ಮಾಡಿದವಲ್ಲ. ಅವುಗಳ ಮೇಲೆ 100–240 ವೋಲ್ಟ್, 50/60 ಹರ್ಟ್ಸ್ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ನಿಮ್ಮ ಕೈಯಲ್ಲಿರುವುದನ್ನೇ ತಿರುಗಿಸಿ ನೋಡಿ. ಹಾಗಾಗಿ ಸೀಟುಗಳ ಬಳಿ ಇರುವ ಒಂದು ಪೆಟ್ಟಿಗೆ ಆ ವಿದ್ಯುತ್ತನ್ನು 110 ವೋಲ್ಟ್, 60 ಹರ್ಟ್ಸ್‌ಗೆ ಬದಲಿಸಿ ನಮಗೆ ಕೊಡುತ್ತದೆ.

ಆ ಪೆಟ್ಟಿಗೆ ಒಂದು ಕಾವಲುಗಾರನೂ ಹೌದು. ಒಂದು ಸೀಟಿಗೆ ಅದು ಕೊಡುವುದು ಬಹಳ ಕಡಿಮೆ. ಹಲವು ವಿಮಾನಗಳಲ್ಲಿ 75 ವಾಟ್‌ನ ಆಸುಪಾಸು. ಮೊಬೈಲ್‌ಗೆ ಧಾರಾಳ, ಸಾಧಾರಣ ಲ್ಯಾಪ್‌ಟಾಪ್‌ಗೆ ಸಾಕು. ಇಸ್ತ್ರಿ ಪೆಟ್ಟಿಗೆ, ಕೆಟಲ್ ಹಾಕಿದರೆ ಅದು ಬೆಂಕಿಯವರೆಗೆ ಕಾಯುವುದಿಲ್ಲ, ಆಗಲೇ ಕಡಿದುಕೊಳ್ಳುತ್ತದೆ. ಎಲ್ಲ ಸೀಟಿನವರೂ ಒಟ್ಟಿಗೆ ಚಾರ್ಜ್ ಹಾಕಿ ಒಟ್ಟು ಹೊರೆ ಮಿತಿ ಮೀರಿದರೆ ಹೊಸದಾಗಿ ಹಾಕಿದವನಿಗೆ ಕೊಡುವುದನ್ನೇ ನಿಲ್ಲಿಸುತ್ತದೆ. ಹಲವು ಮಾದರಿಗಳಲ್ಲಿ ಇನ್ನೂ ಒಂದು ಜಾಣತನವಿದೆ. ಖಾಲಿ ಸಾಕೆಟ್‌ನಲ್ಲಿ ಕರೆಂಟೇ ಇರುವುದಿಲ್ಲ. ಪ್ಲಗ್ಗಿನ ಎರಡೂ ಪಿನ್‌ಗಳು ಒಟ್ಟಿಗೆ ಒಳಗೆ ಹೋದದ್ದು ಗೊತ್ತಾದ ಮೇಲೆಯೇ ಹರಿವು ಶುರುವಾಗುತ್ತದೆ, ಹಸಿರು ದೀಪ ಹತ್ತುತ್ತದೆ. ಪಕ್ಕದ ಸೀಟಿನ ಮಗು ಒಂದು ತೂತಿಗೆ ಹೇರ್‌ಪಿನ್ ತೂರಿಸಿದರೆ ಅಲ್ಲಿ ಏನೂ ಇರುವುದಿಲ್ಲ. ಇಷ್ಟೆಲ್ಲ ಇದ್ದೂ, ಅಗತ್ಯ ಬಿದ್ದರೆ ಇಡೀ ವ್ಯವಸ್ಥೆಯನ್ನು ಒಂದೇ ಸಲಕ್ಕೆ ಆಫ್ ಮಾಡುವ ಸ್ವಿಚ್ ಸಿಬ್ಬಂದಿಯ ಕೈಯಲ್ಲಿರುತ್ತದೆ.

ಇಷ್ಟು ಎಚ್ಚರ ಯಾಕೆ ಬೇಕು ಎಂಬುದಕ್ಕೆ ಒಂದು ಘಟನೆ ಹೇಳುತ್ತೇನೆ. 1998ರ ಸೆಪ್ಟೆಂಬರ್ 2ರ ರಾತ್ರಿ ನ್ಯೂಯಾರ್ಕ್‌ನಿಂದ ಜಿನೀವಾಕ್ಕೆ ಹೊರಟ ಸ್ವಿಸ್‌ಏರ್ 111 ವಿಮಾನ ಕೆನಡಾದ ನೋವಾ ಸ್ಕೋಷಿಯಾ ಕರಾವಳಿಯಲ್ಲಿ ಸಮುದ್ರಕ್ಕೆ ಬಿತ್ತು. ಒಳಗಿದ್ದ 229 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಕೆನಡಾದ ತನಿಖಾ ಮಂಡಳಿ ಸಮುದ್ರದ ತಳದಿಂದ ಚೂರುಗಳನ್ನು ಎತ್ತಿ ಜೋಡಿಸಿ, ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಪರಿಶೀಲಿಸಿ, 2003ರಲ್ಲಿ ವರದಿ ಕೊಟ್ಟಿತು. ಕಾಕ್‌ಪಿಟ್‌ನ ಚಾವಣಿಯ ಮೇಲ್ಭಾಗದಲ್ಲಿ ತಂತಿಯಿಂದ ಕಿಡಿ ಹಾರಿತ್ತು. ಅದರ ಹತ್ತಿರವಿದ್ದ ಹೊದಿಕೆ ಬೇಗ ಹೊತ್ತಿಕೊಳ್ಳುವಂಥದ್ದಾಗಿತ್ತು. ಸೀಟುಗಳ ಸಿನಿಮಾ ಪರದೆಗಳಿಗೆ ಕರೆಂಟ್ ಕೊಡುತ್ತಿದ್ದ ತಂತಿಯಲ್ಲೂ ಕಿಡಿ ಹಾರಿದ ಗುರುತು ಸಿಕ್ಕಿತು. ಆ ಪರದೆಗಳು ವಿಮಾನ ತಯಾರಾದ ಮೇಲೆ ಸೇರಿಸಿದವು. ಅವುಗಳ ಸಂಪರ್ಕವನ್ನು ಎಂಥ ಕಡೆಯಿಂದ ಎಳೆದಿದ್ದರೆಂದರೆ, ಪೈಲಟ್‌ಗಳು ಪ್ರಯಾಣಿಕರ ವಿಭಾಗದ ಕರೆಂಟ್ ತೆಗೆಯುವ ಸ್ವಿಚ್ ಒತ್ತಿದರೂ ಅವು ಆಫ್ ಆಗುತ್ತಿರಲಿಲ್ಲ.

ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಆಮೇಲೆ ಸೇರಿಸಿದ ಒಂದು ಲೈನು, ಆಫ್ ಮಾಡಬೇಕಾದ ಸ್ವಿಚ್‌ಗೆ ಸಿಗದ ಒಂದು ಲೈನು. ಇದು ನಮಗೆ ತೀರಾ ಪರಿಚಿತವಾದ ಕಥೆ. ಹತ್ತು ವರ್ಷ ಹಳೆಯ ಕಟ್ಟಡ, ಅದಕ್ಕೆ ಆಮೇಲೆ ಒಂದು ಕೋಣೆ, ಆ ಕೋಣೆಗೆ ಪಕ್ಕದ ಬೋರ್ಡಿನಿಂದ ಎಳೆದ ವಯರು, ಆ ವಯರಿನ ತುದಿಗೆ ಜಂಕ್ಷನ್ ಬಾಕ್ಸು, ಅದರಿಂದ ಇನ್ನೊಂದು ಜಂಕ್ಷನ್ ಬಾಕ್ಸು. ಎಲ್ಲಿಂದ ಬಂತು, ಎಲ್ಲಿ ಆಫ್ ಆಗುತ್ತದೆ ಎಂದು ಕೇಳಿದರೆ ಹೇಳುವವರಿಲ್ಲ. ಮನೆಗಳಲ್ಲೂ ಹೀಗೆಯೇ, ಅಂಗಡಿಗಳಲ್ಲೂ ಹೀಗೆಯೇ, ಹಾಸ್ಟೆಲ್‌ಗಳಲ್ಲೂ ಹೀಗೆಯೇ.

ಈಗ ನಮ್ಮ ಗೋಡೆಗೆ ಬರೋಣ. ಎಸ್ಸೆಸ್ಸೆಲ್ಸಿಯಲ್ಲಿ ನಾವೆಲ್ಲ ಮನೆಯ ವಿದ್ಯುತ್ ಮಂಡಲದ ಚಿತ್ರ ಬರೆದು ಅಂಕ ತೆಗೆದುಕೊಂಡವರು. ಕೆಂಪು ತಂತಿ, ಕಪ್ಪು ತಂತಿ, ಹಸಿರು ತಂತಿ. ಹಸಿರು ತಂತಿ ಭೂಸಂಪರ್ಕಕ್ಕೆ, ಅಂದರೆ ಅರ್ಥಿಂಗ್‌ಗೆ. ಆದರೆ ಪ್ಲಗ್ಗಿನ ಮೂರನೇ ಪಿನ್ ಯಾಕೆ ಉದ್ದ, ಯಾಕೆ ದಪ್ಪ ಎಂದು ಕೇಳಿದರೆ ಅರ್ಧ ತರಗತಿ ಸುಮ್ಮನಾಗುತ್ತದೆ. ಉದ್ದ ಏಕೆಂದರೆ ಅದು ಎಲ್ಲಕ್ಕಿಂತ ಮೊದಲು ಒಳಗೆ ಹೋಗಬೇಕು, ಎಲ್ಲಕ್ಕಿಂತ ಕೊನೆಗೆ ಹೊರಗೆ ಬರಬೇಕು. ಕರೆಂಟ್ ಬರುವ ಮೊದಲೇ ಕಾಪಾಡುವವನು ಹಾಜರಿರಬೇಕು ಎಂಬುದು ಲೆಕ್ಕ. ದಪ್ಪ ಏಕೆಂದರೆ ಅದು ತಪ್ಪಿಯೂ ಕರೆಂಟಿರುವ ತೂತಿಗೆ ಹೋಗಬಾರದು. ಒಳ್ಳೆಯ ಸಾಕೆಟ್‌ಗಳಲ್ಲಿ ಉಳಿದೆರಡು ತೂತುಗಳಿಗೆ ಒಳಗಿನಿಂದ ಸಣ್ಣ ಬಾಗಿಲುಗಳಿರುತ್ತವೆ. ಮೂರನೇ ಪಿನ್ ಒಳಗೆ ಹೋದಾಗ ಅವು ತೆರೆದುಕೊಳ್ಳುತ್ತವೆ.

ಇಷ್ಟು ಯೋಚಿಸಿ ಮಾಡಿದ ವಸ್ತುವನ್ನು ನಾವು ಏನು ಮಾಡುತ್ತೇವೆ? ಎರಡು ಪಿನ್ನಿನ ಚಾರ್ಜರ್ ಹೋಗದಿದ್ದರೆ ಮೇಲಿನ ತೂತಿಗೆ ಪೆನ್ನಿನ ತುದಿ ಒತ್ತಿ ಬಾಗಿಲು ತೆರೆಯುತ್ತೇವೆ. ಗಲ್ಫ್‌ನಲ್ಲಿರುವ ನಮ್ಮವರು ಅಲ್ಲಿನ ಮೂರು ಚಪ್ಪಟೆ ಪಿನ್ನಿನ ಸಾಕೆಟ್‌ಗೆ ಊರಿನ ಚಾರ್ಜರ್ ಹಾಕುವುದೂ ಹೀಗೆಯೇ. ಆ ಪ್ಲಗ್ಗಿನ ಒಳಗೆ ಒಂದು ಫ್ಯೂಸ್ ಇರುತ್ತದೆ, ಸಾಕೆಟ್‌ಗೆ ಬಾಗಿಲಿರುತ್ತದೆ. ಪೆನ್ನಿನ ಒಂದು ತಳ್ಳಿಗೆ ಎರಡೂ ವ್ಯರ್ಥ. ಅಲ್ಲಿಂದ ತಂದ ಇಸ್ತ್ರಿ ಪೆಟ್ಟಿಗೆ, ಮಿಕ್ಸರ್‌ಗಳನ್ನು ಇಲ್ಲಿ ಬಳಸಲು ಪೇಟೆಯಿಂದ ಅಗ್ಗದ ಅಡಾಪ್ಟರ್ ತರುತ್ತೇವೆ. ಅವುಗಳಲ್ಲಿ ಎಷ್ಟೋ ಅಡಾಪ್ಟರ್‌ಗಳಲ್ಲಿ ಅರ್ಥಿಂಗ್ ಮುಂದೆ ಹೋಗುವುದೇ ಇಲ್ಲ. ಮೂರು ಪಿನ್ ಹಾಕಿದ ಸಮಾಧಾನ ಮಾತ್ರ ನಮಗೆ. ಪ್ಲಗ್ ಮುರಿದರೆ ವಯರಿನ ತುದಿ ಸುಲಿದು ತೂತಿಗೆ ಹಾಕಿ ಬೆಂಕಿಕಡ್ಡಿ ಸಿಕ್ಕಿಸುವ ಕಲೆಯಂತೂ ನಮ್ಮ ನಾಡಿನ ಎಲ್ಲ ಹಾಸ್ಟೆಲ್‌ಗಳಲ್ಲಿ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಹರಿದು ಬಂದಿದೆ.

ಇಲ್ಲಿ ಹಿರಿಯರು ಹೇಳುವ ಮಾತು ನನಗೆ ಗೊತ್ತು. "ಹಾಗಾದರೆ ತಪ್ಪು ವಿದ್ಯಾರ್ಥಿಗಳದ್ದೇ. ಅದಕ್ಕೇ ನೋಟೀಸ್ ಹಾಕಿದ್ದೇವೆ." ನೋಟೀಸ್ ಬೇಡ ಎನ್ನುವವನಲ್ಲ ನಾನು. ಆದರೆ ವಿಮಾನ ಮಾಡಿದವರು ಪ್ರಯಾಣಿಕ ಎಚ್ಚರದಿಂದ ಇರುತ್ತಾನೆ ಎಂದು ನಂಬಿ ಕೂರಲಿಲ್ಲ. ಮನುಷ್ಯ ಮರೆಯುತ್ತಾನೆ, ಆತುರಪಡುತ್ತಾನೆ, ಮಗು ಬೆರಳು ಹಾಕುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಆಗಲೂ ಜೀವ ಹೋಗಬಾರದು ಎಂದು ಸಾಕೆಟ್ ಮಾಡಿದರು. 2023ರ ಆಗಸ್ಟ್‌ನಲ್ಲಿ ನಮ್ಮದೇ ಉತ್ತರ ಕನ್ನಡ ಜಿಲ್ಲೆಯಲ್ಲಿ ಎಂಟು ತಿಂಗಳ ಮಗುವೊಂದು ಸ್ವಿಚ್ ಆಫ್ ಮಾಡದೆ ಬಿಟ್ಟಿದ್ದ ಚಾರ್ಜರ್ ವಯರಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಪ್ರಾಣ ಕಳೆದುಕೊಂಡ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಆ ಮಗುವಿಗೆ ಯಾವ ನೋಟೀಸ್ ಓದಿಸುವುದು? ದೇಶದಲ್ಲಿ ವಿದ್ಯುತ್ ಆಘಾತದಿಂದ ಸಾಯುವವರ ಸಂಖ್ಯೆ ಈಚಿನ ವರ್ಷಗಳಲ್ಲಿ ವರ್ಷಕ್ಕೆ ಹತ್ತು ಸಾವಿರ ದಾಟಿದೆ. ಇವರೆಲ್ಲ ಅಜಾಗರೂಕರು ಎಂದು ಕೈತೊಳೆದುಕೊಳ್ಳುವುದು ಸುಲಭ, ನ್ಯಾಯವಲ್ಲ.

"ಎಂಸಿಬಿ ಇದೆಯಲ್ಲ, ಏನಾದರೂ ಆದರೆ ಟ್ರಿಪ್ ಆಗುತ್ತದೆ" ಎಂಬುದು ಇನ್ನೊಂದು ನಂಬಿಕೆ. ಇದನ್ನು ಲೆಕ್ಕ ಮಾಡಿಯೇ ನೋಡೋಣ, ಓಮ್‌ನ ನಿಯಮ ನಮಗೆಲ್ಲ ಗೊತ್ತು. ಒದ್ದೆ ಮೈಯ ಪ್ರತಿರೋಧ ಸುಮಾರು 1000 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟ್ ತಗುಲಿದರೆ ಮೈಯಲ್ಲಿ ಹರಿಯುವುದು 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. ಹೃದಯದ ಬಡಿತ ತಪ್ಪಿಸಲು ಇದು ಬೇಕಾದ್ದಕ್ಕಿಂತ ಹೆಚ್ಚು. ನಮ್ಮ ಬೋರ್ಡಿನ ಎಂಸಿಬಿ 6 ಆಂಪಿಯರ್‌ನದು. 0.23 ಅದರ ಮಿತಿಯ ಇಪ್ಪತ್ತಾರನೇ ಒಂದು ಪಾಲು. ಒಂದು ಸಣ್ಣ ಫ್ಯಾನ್ ಹಾಕಿದ್ದಾರೆ ಎಂದುಕೊಂಡು ಎಂಸಿಬಿ ಸುಮ್ಮನೆ ಕುಳಿತಿರುತ್ತದೆ. ಅದರ ತಪ್ಪೇನಿಲ್ಲ. ಎಂಸಿಬಿ ಇರುವುದು ವಯರನ್ನು ಕಾಯಲು, ಮನುಷ್ಯನನ್ನು ಕಾಯಲು ಅಲ್ಲ.

ಮನುಷ್ಯನನ್ನು ಕಾಯುವ ಸಾಧನ ಬೇರೆ ಇದೆ. ಅದರ ಹೆಸರು ಆರ್‌ಸಿಸಿಬಿ. ನೋಡಲು ಎಂಸಿಬಿಯ ದೊಡ್ಡಣ್ಣನ ಹಾಗಿರುತ್ತದೆ, ಮುಖದ ಮೇಲೆ 'ಟಿ' ಎಂದು ಬರೆದ ಒಂದು ಬಟನ್ ಇರುತ್ತದೆ. ಒಳಗಿನ ತತ್ವ ದ್ವಿತೀಯ ಪಿಯುಸಿಯ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠವೇ. ಹೋಗುವ ತಂತಿ, ಬರುವ ತಂತಿ ಎರಡನ್ನೂ ಒಂದೇ ಕಬ್ಬಿಣದ ಉಂಗುರದೊಳಗೆ ಹಾಯಿಸಿರುತ್ತಾರೆ. ಹೋದಷ್ಟೂ ಬಂದರೆ ಎರಡರ ಕಾಂತಕ್ಷೇತ್ರಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ. ಸ್ವಲ್ಪ ಕರೆಂಟ್ ಯಾರದೋ ಮೈಯ ಮೂಲಕ ನೆಲಕ್ಕೆ ಸೋರಿದರೆ ಲೆಕ್ಕ ತಪ್ಪುತ್ತದೆ, ಉಂಗುರದ ಸುತ್ತಿನ ಸುರುಳಿಯಲ್ಲಿ ವಿದ್ಯುತ್ ಪ್ರೇರಿತವಾಗಿ ಸ್ವಿಚ್ ಕಡಿದುಬೀಳುತ್ತದೆ. ಮನೆ, ಹಾಸ್ಟೆಲ್‌ಗಳಿಗೆ ಹಾಕುವುದು 30 ಮಿಲಿಆಂಪಿಯರ್‌ನದು. ಮೇಲಿನ ಲೆಕ್ಕದ 230 ಮಿಲಿಆಂಪಿಯರ್ ಸೋರಿದರೆ ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲಿನೊಳಗೆ ಅದು ಕರೆಂಟ್ ತೆಗೆಯಬೇಕು ಎಂಬುದು ಅದರ ಮಾನದಂಡ. ಕಣ್ಣು ಮಿಟುಕಿಸುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಇದು ಎಲ್ಲದಕ್ಕೂ ಮದ್ದಲ್ಲ ಎಂಬುದನ್ನೂ ಹೇಳಬೇಕು. ಒಬ್ಬರು ಎರಡು ಕೈಯಲ್ಲಿ ಎರಡು ತಂತಿ ಹಿಡಿದು, ನೆಲಕ್ಕೆ ಏನೂ ಸೋರದಿದ್ದರೆ ಆರ್‌ಸಿಸಿಬಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಎಂಸಿಬಿಯೂ ಬೇಕು, ಸರಿಯಾದ ಅರ್ಥಿಂಗೂ ಬೇಕು, ಬಾಗಿಲಿರುವ ಸಾಕೆಟೂ ಬೇಕು, ಬುದ್ಧಿಯೂ ಬೇಕು. ಆದರೆ ನಮ್ಮಲ್ಲಿ ಶಾಕ್ ಹೊಡೆಯುವುದು ಹೆಚ್ಚಾಗಿ ಒಂದು ಕೈಯಿಂದ ಬರಿಗಾಲಿಗೆ. ಬಕೆಟ್ಟಿನಲ್ಲಿ ಹೀಟರ್ ಕಾಯಿಲ್ ಇಟ್ಟು ನೀರು ಬಿಸಿಯಾಯಿತೇ ಎಂದು ಬೆರಳು ಅದ್ದಿ ನೋಡುವವರು, ವುಝೂ ಮಾಡಿ ಒದ್ದೆ ಕೈಕಾಲಲ್ಲೇ ಬಂದು ಫ್ಯಾನ್ ಸ್ವಿಚ್ ಒತ್ತುವವರು, ಜೂನ್–ಜುಲೈಯ ಮಳೆಗೆ ಗೋಡೆ ಬೆವರಿ ಬೋರ್ಡೇ ತೇವವಾಗಿರುವ ಕೋಣೆಯವರು. ಇವರಿಗೆಲ್ಲ ಈ ಸಾಧನ ನಿಜವಾಗಿ ಕಾವಲು.

"ಅದು ಹಾಕಿದರೆ ಮಳೆಗಾಲದಲ್ಲಿ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ, ಓದಲಿಕ್ಕೆ ಲೈಟಿಲ್ಲದೆ ಮಕ್ಕಳು ಒದ್ದಾಡುತ್ತಾರೆ" ಎಂದು ಒಬ್ಬ ಎಲೆಕ್ಟ್ರೀಷಿಯನ್ ಅಣ್ಣ ನನಗೆ ಹೇಳಿದರು. ಅವರ ಅನುಭವ ದೊಡ್ಡದು, ಮಾತು ಸುಳ್ಳಲ್ಲ. ಆದರೆ ಅದು ಪದೇ ಪದೇ ಟ್ರಿಪ್ ಆಗುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಬಾಯಾರಿಕೆಯ ಹೊತ್ತಿನಲ್ಲಿ ಕೊಡ ಸೋರುತ್ತಿದೆ ಎಂದು ಹೇಳಿದವನನ್ನು ಬೈದರೆ ಕೊಡ ತುಂಬುವುದಿಲ್ಲ. ಲೈಟಿನ ಚಿಂತೆಗೆ ದಾರಿಯಿದೆ: ಲೈಟ್‌ಗಳಿಗೆ ಒಂದು, ಪ್ಲಗ್ ಪಾಯಿಂಟ್‌ಗಳಿಗೆ ಒಂದು, ಮಹಡಿಗೊಂದರಂತೆ ಬೇರೆ ಬೇರೆ ಹಾಕಿದರೆ ಒಂದು ಕಡೆಯ ದೋಷಕ್ಕೆ ಇಡೀ ಹಾಸ್ಟೆಲ್ ಕತ್ತಲಾಗುವುದಿಲ್ಲ. ಖರ್ಚು ಎಂದರೆ, ಒಂದು ಸಾಧನಕ್ಕೆ ಕೆಲವು ಸಾವಿರ ರೂಪಾಯಿ. ವಾರ್ಷಿಕೋತ್ಸವದ ಶಾಮಿಯಾನಕ್ಕೆ ಇದಕ್ಕಿಂತ ಹೆಚ್ಚಾಗುತ್ತದೆ.

ಬರೀ ನಿಷೇಧದ ದಾರಿ ಯಾಕೆ ಸಾಲದು ಎಂಬುದನ್ನೂ ವಿಮಾನವೇ ತೋರಿಸುತ್ತದೆ. ಪ್ಲಗ್ ಸಿಗದ ಕಡೆ ಜನ ಪವರ್ ಬ್ಯಾಂಕ್ ತರುತ್ತಾರೆ, ಅಪಾಯ ಗೋಡೆಯಿಂದ ಬ್ಯಾಗಿಗೆ ಬರುತ್ತದೆ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಹೊರಡಲು ನಿಂತಿದ್ದ ಏರ್ ಬುಸಾನ್ ವಿಮಾನಕ್ಕೆ ಬೆಂಕಿ ಬಿತ್ತು. ಒಳಗಿದ್ದ 176 ಜನರೂ ಹೊರಗೆ ಬಂದರು. ಸಾಮಾನಿನ ಕಪಾಟಿನಲ್ಲಿದ್ದ ಪವರ್ ಬ್ಯಾಂಕ್‌ನಿಂದ ಆಗಿರಬಹುದು ಎಂದು ಅಲ್ಲಿನ ತನಿಖಾಧಿಕಾರಿಗಳು ಹೇಳಿದರು. ನಮ್ಮವರು ಹೆಚ್ಚಾಗಿ ಹತ್ತುವ ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ವಿಮಾನದಲ್ಲಿ ಪವರ್ ಬ್ಯಾಂಕ್ ಬಳಸುವುದನ್ನೇ ನಿಲ್ಲಿಸಿತು. 100 ವಾಟ್‌ಅವರ್‌ಗಿಂತ ಕಡಿಮೆಯದು ಒಂದನ್ನು ಕೈಯಲ್ಲಿ ಒಯ್ಯಬಹುದು, ಅದರಿಂದ ಚಾರ್ಜ್ ಮಾಡುವಂತಿಲ್ಲ, ಅದನ್ನು ಚಾರ್ಜ್ ಮಾಡುವಂತೆಯೂ ಇಲ್ಲ. ನಿಮ್ಮದು 20,000 ಮಿಲಿಆಂಪಿಯರ್‌ಅವರ್‌ನದಾದರೆ 20 ಅನ್ನು 3.7 ವೋಲ್ಟ್‌ನಿಂದ ಗುಣಿಸಿ: 74 ವಾಟ್‌ಅವರ್, ಮಿತಿಯ ಒಳಗೆ. ಚೆಕ್-ಇನ್ ಬ್ಯಾಗಿಗೆ ಮಾತ್ರ ಯಾವುದನ್ನೂ ಹಾಕಬಾರದು ಎಂದು ಊರಿಗೆ ಬರುವವರಿಗೆ ನೆನಪಿಸಿ. ಇಲ್ಲಿ ಗಮನಿಸಬೇಕಾದ್ದು, ಪವರ್ ಬ್ಯಾಂಕ್ ಬೇಡ ಎಂದವರು ಸೀಟಿನಲ್ಲಿ ಸುರಕ್ಷಿತವಾದ ಸಾಕೆಟ್ ಕೊಟ್ಟಿದ್ದಾರೆ. ಹಾಸ್ಟೆಲ್‌ಗಳಲ್ಲಿ ಚಾರ್ಜ್ ಹಾಕಬೇಡಿ ಎಂದಷ್ಟೇ ಹೇಳಿದರೆ ದಿಂಬಿನಡಿಯಲ್ಲಿ ಪವರ್ ಬ್ಯಾಂಕ್ ಬಿಸಿಯಾಗುತ್ತಿರುತ್ತದೆ.

ಆದ್ದರಿಂದ ಆಡಳಿತ ಮಂಡಳಿಯ ಹಿರಿಯರಲ್ಲಿ, ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ ಇಷ್ಟು. ಹಾಸ್ಟೆಲ್, ಲ್ಯಾಬ್, ಅಡುಗೆಮನೆ, ನಮಾಝ್ ಹಾಲ್ ಎಲ್ಲ ಕಡೆಯ ಪ್ಲಗ್ ಪಾಯಿಂಟ್‌ಗಳಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಈ ಮಳೆಗಾಲಕ್ಕೆ ಮೊದಲು ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್‌ರಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಯಾವ ಲೈನ್ ಎಲ್ಲಿ ಆಫ್ ಆಗುತ್ತದೆ ಎಂದು ಮೇನ್ ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆಸಿ. ಇಸ್ತ್ರಿ, ಬಿಸಿನೀರಿಗೆ ಮಹಡಿಗೊಂದು ಜಾಗ ಕೊಟ್ಟು ಅಲ್ಲಿ 16 ಆಂಪಿಯರ್ ಸಾಕೆಟ್ ಹಾಕಿಸಿ. 1500 ವಾಟ್‌ನ ಕಾಯಿಲ್ ಎಳೆಯುವುದು ಆರೂವರೆ ಆಂಪಿಯರ್. ಕೋಣೆಯ 6 ಆಂಪಿಯರ್ ಸಾಕೆಟ್ ಅದನ್ನು ಹೊರಲಾರದು, ಮೆಲ್ಲಗೆ ಸುಟ್ಟು ಕಪ್ಪಾಗುತ್ತದೆ. ದೂರಿನ ಪುಸ್ತಕವೊಂದನ್ನು ಇಡಿಸಿ. 'ಬೋರ್ಡ್ ಜುಮ್ಮೆನ್ನುತ್ತದೆ' ಎಂದು ಯಾರಾದರೂ ಬರೆದರೆ ಅದೇ ದಿನ ಆ ಲೈನ್ ಆಫ್ ಆಗಲಿ.

ಸಹಪಾಠಿಗಳಿಗೂ ನಾಲ್ಕು ಮಾತು. ಕಪ್ಪಾದ, ಸಡಿಲವಾದ, ಬಿಸಿಯಾಗುವ ಸಾಕೆಟ್ ಕಂಡರೆ ಸುಮ್ಮನಿರಬೇಡಿ, ಹೇಳಿ. ಜಂಕ್ಷನ್ ಬಾಕ್ಸಿಗೆ ಇನ್ನೊಂದು ಜಂಕ್ಷನ್ ಬಾಕ್ಸ್ ಸಿಕ್ಕಿಸಬೇಡಿ. ಚಾರ್ಜರ್ ತೆಗೆಯುವಾಗ ಸ್ವಿಚ್ ಆಫ್ ಮಾಡಿ, ವಯರ್ ಹಿಡಿದು ಎಳೆಯಬೇಡಿ. ಕಾಯಿಲ್ ಆನ್ ಇರುವಾಗ ನೀರು ಮುಟ್ಟಬೇಡಿ. ಆರ್‌ಸಿಸಿಬಿ ಬಂದ ಮೇಲೆ ತಿಂಗಳಿಗೊಮ್ಮೆ ಆ 'ಟಿ' ಬಟನ್ ಒತ್ತಿ ನೋಡುವ ಕೆಲಸವನ್ನು ನಮ್ಮ ಸೈನ್ಸ್ ಕ್ಲಬ್ಬೇ ವಹಿಸಿಕೊಳ್ಳಲಿ. ಒತ್ತಿದಾಗ ಅದು ಕಡಿದುಬೀಳದಿದ್ದರೆ ಸಾಧನ ಕೆಟ್ಟಿದೆ ಎಂದರ್ಥ. ಯಾರಿಗಾದರೂ ಶಾಕ್ ಹೊಡೆದು ಕಚ್ಚಿಕೊಂಡಿದ್ದರೆ ಓಡಿಹೋಗಿ ಹಿಡಿಯಬೇಡಿ, ಎರಡು ಜೀವ ಹೋದೀತು. ಮೊದಲು ಮೇನ್ ಆಫ್ ಮಾಡಿ. ಮೇನ್ ಸಿಗದಿದ್ದರೆ ಒಣಗಿದ ಜಾಗದಲ್ಲಿ ನಿಂತು ಒಣ ಮರದ ಕೋಲಿನಿಂದ ಬಿಡಿಸಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಒತ್ತುತ್ತಾ ಇರಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಕೋಟೆ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಶೋಕ ಸಭೆ, ಎರಡು ನಿಮಿಷದ ಮೌನ, ಆಮೇಲೆ ವಯರಿಂಗ್ ರಿಪೇರಿ, ಹೀಗೆಯೇ ನಡೆಯುವುದನ್ನು ಬೇರೆ ಕಡೆ ಕಂಡಿದ್ದೇವೆ. ನಮ್ಮ ಕಾಲೇಜಿನಲ್ಲಿ ಈವರೆಗೆ ಅಂಥದ್ದೇನೂ ಆಗಿಲ್ಲ. ಈ ಕೆಲಸ ಮಾಡಲು ಅದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿಲ್ಲ. ಮನೆಯವರು ಸಮುದ್ರದಾಚೆ ದುಡಿದು ನಮ್ಮನ್ನು ಇಲ್ಲಿ ಬಿಟ್ಟಿದ್ದಾರೆ, ಇಲ್ಲಿನ ಗೋಡೆ, ಇಲ್ಲಿನ ಸೂರಿನ ಮೇಲೆ ನಂಬಿಕೆ ಇಟ್ಟು. ಮೇ ತಿಂಗಳ ರಜೆಯಲ್ಲಿ ಹಾಸ್ಟೆಲ್ ಖಾಲಿಯಿರುತ್ತದೆ. ಒಬ್ಬ ಒಳ್ಳೆಯ ಎಲೆಕ್ಟ್ರೀಷಿಯನ್, ಕೆಲವು ದಿನಗಳ ಕೆಲಸ, ಇಷ್ಟು ಸಾಕು.